ಮಳೆಗಾಲದಲ್ಲಿ ನಾಯಿಯ ಪಾದ ಕೆಂಪಾದರೆ ಮನುಷ್ಯರ ಮುಲಾಮು ಹಚ್ಚಬೇಡಿ

ನಾಯಿ ಸಾಕಿದವರಲ್ಲಿ ನನ್ನದೊಂದು ವಿನಂತಿ. ಮಳೆಗಾಲದಲ್ಲಿ ನಿಮ್ಮ ನಾಯಿ ಪಾದ ನೆಕ್ಕಲು ತೊಡಗಿ, ಬೆರಳುಗಳ ಸಂದಿ ಕೆಂಪಾಗಿದ್ದು ಕಂಡರೆ, ಔಷಧಿ ಅಂಗಡಿಯಿಂದ ಮನುಷ್ಯರ ಚರ್ಮದ ಮುಲಾಮು ತಂದು ದಯವಿಟ್ಟು ಹಚ್ಚಬೇಡಿ. ಕಳೆದ ವರ್ಷ ನಾನು ಅದನ್ನೇ ಮಾಡಿದೆ. ಮೂರು ದಿನದಲ್ಲಿ ವಾಸಿಯಾದಂತೆ ಕಂಡ ಪಾದ ನಾಲ್ಕು ವಾರ ಕಳೆಯುವಷ್ಟರಲ್ಲಿ ಕೀವುಗಟ್ಟಿ, ನಮ್ಮ ಕೆಂಪಿ ನೆಲಕ್ಕೆ ಕಾಲೂರಲಾರದ ಸ್ಥಿತಿಗೆ ಬಂದಳು. ಪೂರ್ತಿ ಗುಣವಾಗುವುದಕ್ಕೆ ಐದು ತಿಂಗಳು ಹಿಡಿಯಿತು.

ನಮ್ಮ ಮನೆ ತೀರ್ಥಹಳ್ಳಿ ತಾಲ್ಲೂಕಿನ ಒಂದು ಹಳ್ಳಿಯಲ್ಲಿದೆ. ಮನೆಯ ಹಿಂದೆ ಅಡಿಕೆ ತೋಟ, ಅದರಾಚೆ ಗದ್ದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಅಂಗಳದಲ್ಲಿ ಒಣಗಿದ ಜಾಗವೆಂಬುದೇ ಇರುವುದಿಲ್ಲ. ಕೆಂಪಿ ಆರು ವರ್ಷದ ನಾಟಿ ನಾಯಿ. ಮೈಯೆಲ್ಲ ಕೆಂಪು, ನಾಲ್ಕು ಪಾದಗಳು ಮಾತ್ರ ಬಿಳಿ. ಜುಲೈ ಮೊದಲ ವಾರದ ಒಂದು ರಾತ್ರಿ ಜಗಲಿಯಿಂದ ಒಂದೇ ಸಮನೆ ನೆಕ್ಕುವ ಸದ್ದು ಕೇಳಿಸಿತು. ಇಂಬಳ (ಜಿಗಣೆ) ಕಚ್ಚಿರಬೇಕೆಂದುಕೊಂಡು ಬ್ಯಾಟರಿ ಹಿಡಿದು ಹೋಗಿ ಬೆರಳುಗಳನ್ನು ಅಗಲಿಸಿ ನೋಡಿದರೆ ಇಂಬಳವೂ ಇರಲಿಲ್ಲ, ಕಚ್ಚಿದ ಗುರುತೂ ಇರಲಿಲ್ಲ. ಸಂದಿಯ ಚರ್ಮ ಹಸಿಯಾಗಿ ಕೆಂಪೇರಿತ್ತು, ಉಗುರುಗಳ ಬುಡದಲ್ಲಿ ಕಂದು ಬಣ್ಣದ ಜಿಡ್ಡು ಕಟ್ಟಿತ್ತು, ಮೂಗಿನ ಹತ್ತಿರ ತಂದಾಗ ಹುಳಿ ಬಂದ ಹಿಟ್ಟಿನಂಥ ವಾಸನೆ ಬರುತ್ತಿತ್ತು. ಬಿಳಿ ಕೂದಲೆಲ್ಲ ತುಕ್ಕಿನ ಬಣ್ಣಕ್ಕೆ ತಿರುಗಿತ್ತು. ನಾಯಿಯ ಜೊಲ್ಲಿನಲ್ಲಿರುವ ಪಾರ್ಫಿರಿನ್ ಎಂಬ ವಸ್ತು ತಿಳಿಬಣ್ಣದ ಕೂದಲಿಗೆ ಹತ್ತಿ ಈ ಬಣ್ಣ ಬರುತ್ತದೆ. ಅದು ಕಣ್ಣಿಗೆ ಬಿದ್ದಿತೆಂದರೆ ನಾಯಿ ನೆಕ್ಕಲು ಆರಂಭಿಸಿ ಎಷ್ಟೋ ದಿನಗಳಾಗಿವೆ ಎಂದರ್ಥ. ನನಗೆ ಆಗ ಇದು ತಿಳಿದಿರಲಿಲ್ಲ.

ಮರುದಿನ ಪೇಟೆಗೆ ಹೋದಾಗ ಔಷಧಿ ಅಂಗಡಿಯಲ್ಲಿ ವಿಚಾರಿಸಿದೆ. ಅಂಗಡಿಯವರು ಒಂದು ಟ್ಯೂಬು ಕೊಟ್ಟು, "ಗದ್ದೆ ಕೆಲಸದವರು ಕಾಲು ಸಂದಿಗೆ ಇದನ್ನೇ ಒಯ್ಯುತ್ತಾರೆ, ನಾಯಿಗೂ ಆಗುತ್ತದೆ, ದಿನಕ್ಕೆರಡು ಸಲ ಹಚ್ಚಿ" ಎಂದರು. ಅದರಲ್ಲಿ ಶಿಲೀಂಧ್ರನಾಶಕ, ಪ್ರತಿಜೀವಕ, ಇವುಗಳ ಜೊತೆಗೆ ಕ್ಲೋಬೆಟಾಸಾಲ್ ಎಂಬ ಸ್ಟಿರಾಯ್ಡ್ ಇತ್ತು. ಚರ್ಮಕ್ಕೆ ಹಚ್ಚುವ ಸ್ಟಿರಾಯ್ಡ್‌ಗಳಲ್ಲಿ ಅತಿ ಪ್ರಬಲವಾದ ಗುಂಪಿಗೆ ಸೇರಿದ್ದು ಅದು. ಮನುಷ್ಯರು ಇಂಥವನ್ನು ತಮಗೆ ತೋಚಿದಂತೆ ಬಳಸಿ ಚರ್ಮ ಹಾಳುಮಾಡಿಕೊಳ್ಳುತ್ತಿದ್ದಾರೆಂದೇ ಕೇಂದ್ರ ಸರ್ಕಾರ 2018ರಲ್ಲಿ ಇಂಥ ಹಲವು ಸ್ಟಿರಾಯ್ಡ್ ಮುಲಾಮುಗಳನ್ನು ವೈದ್ಯರ ಚೀಟಿಯಿಲ್ಲದೆ ಮಾರಬಾರದ ಷೆಡ್ಯೂಲ್ ಎಚ್ ಪಟ್ಟಿಗೆ ಸೇರಿಸಿತು. ಆ ಎಚ್ಚರಿಕೆ ಟ್ಯೂಬಿನ ಮೇಲೆ ಅಚ್ಚಾಗಿಯೇ ಇತ್ತು. ನಾನು ಓದಲಿಲ್ಲ.

ಎರಡನೆಯ ದಿನಕ್ಕೆ ಕೆಂಪು ಇಳಿಯಿತು, ಮೂರನೆಯ ದಿನ ಕೆಂಪಿ ನೆಕ್ಕುವುದನ್ನೂ ನಿಲ್ಲಿಸಿದಳು. ನಮ್ಮೆಲ್ಲರನ್ನೂ ಮೋಸಗೊಳಿಸಿದ್ದು ಇದೇ. ಸ್ಟಿರಾಯ್ಡ್ ಉರಿಯನ್ನೂ ತುರಿಕೆಯನ್ನೂ ಅಡಗಿಸುತ್ತದೆ, ತುರಿಕೆಗೆ ಕಾರಣವಾದದ್ದು ಒಳಗೆ ಹಾಗೆಯೇ ಉಳಿದಿರುತ್ತದೆ. ಹಚ್ಚುವುದನ್ನು ಬಿಟ್ಟ ನಾಲ್ಕು ದಿನಕ್ಕೆ ಕೆಂಪು ಮತ್ತೆ ಕಾಣಿಸಿಕೊಂಡಿತು, ನಾನು ಮತ್ತೆ ಹಚ್ಚಿದೆ. ಈ ಸಲ ಅವಳು ಮುಲಾಮನ್ನು ನೆಕ್ಕಿ ತೆಗೆಯುತ್ತಿದ್ದುದರಿಂದ ಮಗನ ಹಳೆಯ ಕಾಲುಚೀಲಗಳನ್ನು ಮುಂಗಾಲುಗಳಿಗೆ ತೊಡಿಸಿ ದಾರದಿಂದ ಕಟ್ಟಿದೆ. ಆ ಚೀಲಗಳು ಅರ್ಧ ಗಂಟೆಯಲ್ಲಿ ಒದ್ದೆಯಾಗುತ್ತಿದ್ದವು. ಒದ್ದೆ ಬಟ್ಟೆಯೊಳಗೆ, ಮುಲಾಮಿನ ಜಿಡ್ಡಿನಲ್ಲಿ, ಗಾಳಿಯಾಡದ ಪಾದಗಳು ರಾತ್ರಿಯಿಡೀ ಬೆಂದಂತೆ ಇರುತ್ತಿದ್ದವು. ಇದರ ನಡುವೆ ನಮ್ಮ ಅತ್ತೆಯವರು, "ನಾಯಿ ಕೊಟ್ಟಿಗೆಯ ಬಾನಿಯಲ್ಲಿ ದನದ ಹಾಗೆ ನೀರು ಕುಡಿಯುತ್ತಿದೆ, ಜಗಲಿಯಲ್ಲೇ ಉಚ್ಚೆ ಹೊಯ್ಯುತ್ತಿದೆ, ಏನೋ ಸರಿಯಿಲ್ಲ" ಎಂದು ಎರಡು ಬಾರಿ ಹೇಳಿದರು. ಮಳೆಗೆ ಹೊರಗೆ ಹೋಗಲು ಅವಳಿಗೆ ಬೇಸರವಿರಬೇಕೆಂದು ನಾನು ಸಮಾಧಾನ ಮಾಡಿಕೊಂಡೆ. ನೆಕ್ಕಿದ ಮುಲಾಮಿನ ಸ್ಟಿರಾಯ್ಡ್ ಹೊಟ್ಟೆಗೆ ಸೇರಿ, ಬಾಯಾರಿಕೆ ಮತ್ತು ಮೂತ್ರ ಹೆಚ್ಚಾಗಿದ್ದುದು ಆ ಮನೆಯಲ್ಲಿ ಅತ್ತೆಯವರ ಕಣ್ಣಿಗೆ ಮಾತ್ರ ಬಿದ್ದಿತ್ತು.

ನಾಲ್ಕನೆಯ ವಾರದಲ್ಲಿ ಎಡ ಮುಂಗಾಲಿನ ಬೆರಳುಗಳ ನಡುವೆ ಅಡಿಕೆ ಗಾತ್ರದ ನೇರಳೆ ಬಣ್ಣದ ಗಂಟೊಂದು ಎದ್ದು, ಒಡೆದು, ರಕ್ತ ಬೆರೆತ ಕೀವು ಸೋರಿತು. ಮರುದಿನ ಬಲಗಾಲಿನಲ್ಲಿ ಇನ್ನೆರಡು ಗಂಟುಗಳು ಎದ್ದವು. ಪಾದ ಊದಿಕೊಂಡು, ಮೇಲಿನ ಕೂದಲು ಉದುರಿ, ಚರ್ಮ ತೆಳ್ಳಗೆ ಹೊಳೆಯುತ್ತಿತ್ತು. ತಟ್ಟೆಯ ಮುಂದೆ ನಿಲ್ಲಲಾಗದೆ ಅವಳು ಮಲಗಿಕೊಂಡೇ ಅನ್ನ ತಿಂದಳು. ಅಂದು ಮಧ್ಯಾಹ್ನ ಅವಳನ್ನು ಜೀಪಿನಲ್ಲಿ ಮಲಗಿಸಿಕೊಂಡು ಶಿವಮೊಗ್ಗಕ್ಕೆ ಹೋದೆವು.

ಪಶುವೈದ್ಯರು ಮೊದಲು ಕೇಳಿದ್ದು, ಏನೇನು ಹಚ್ಚಿದ್ದೀರಿ ಎಂದು. ಟ್ಯೂಬನ್ನು ನೋಡಿ ಅವರು ಸ್ವಲ್ಪ ಹೊತ್ತು ಮಾತನಾಡಲಿಲ್ಲ. ಬಳಿಕ ಬೆರಳ ಸಂದಿಯ ಚರ್ಮವನ್ನು ಹಿಂಡಿ ಹಿಡಿದು, ಎಣ್ಣೆ ಸವರಿದ ಮೊಂಡು ಬ್ಲೇಡಿನಿಂದ ರಕ್ತ ಜಿನುಗುವವರೆಗೆ ಕೆರೆದು, ಆ ಕೆರೆತವನ್ನು ಗಾಜಿನ ಪಟ್ಟಿಯ ಮೇಲಿಟ್ಟು ಸೂಕ್ಷ್ಮದರ್ಶಕದಲ್ಲಿ ನೋಡಿದರು, ನನಗೂ ತೋರಿಸಿದರು. ಉದ್ದನೆಯ ಬಾಲ, ಮುಂಭಾಗದಲ್ಲಿ ನಾಲ್ಕು ಜೊತೆ ಮೊಂಡು ಕಾಲುಗಳು, ನೋಡುವುದಕ್ಕೆ ಚುಟ್ಟಾದಂಥ ಹುಳುಗಳು ಒಂದರ ಪಕ್ಕ ಒಂದು ಮಿಸುಕುತ್ತಿದ್ದವು. ಅವು ಡೆಮೊಡೆಕ್ಸ್ ನುಸಿಗಳು. ಮೊಲೆಯುಣ್ಣುವ ಮೊದಲ ದಿನಗಳಲ್ಲೇ ತಾಯಿಯಿಂದ ಮರಿಗೆ ದಾಟಿ, ಆರೋಗ್ಯವಂತ ನಾಯಿಗಳ ಕೂದಲ ಬುಡದಲ್ಲಿಯೂ ಇವು ಬೆರಳೆಣಿಕೆಯಷ್ಟು ಇದ್ದೇ ಇರುತ್ತವೆ; ಮೈಯ ರೋಗನಿರೋಧಕ ಶಕ್ತಿ ಅವುಗಳನ್ನು ಅಂಕೆಯಲ್ಲಿಟ್ಟಿರುತ್ತದೆ. ನಾನು ದಿನಕ್ಕೆರಡು ಬಾರಿ ಹಚ್ಚಿದ ಸ್ಟಿರಾಯ್ಡ್ ಆ ಕಾವಲನ್ನು ತೆಗೆದುಹಾಕಿತ್ತು. ನುಸಿಗಳು ಹೆಚ್ಚಿ ಕೂದಲಿನ ಬುಡಗಳು ಒಡೆದು, ಅಲ್ಲಿ ಬ್ಯಾಕ್ಟೀರಿಯಾ ಸೇರಿ ಗಂಟುಗಳಾಗಿದ್ದವು. ಆರಂಭದಲ್ಲಿ ಇದ್ದದ್ದು ಬಹುಶಃ ಒದ್ದೆಯಿಂದ ಬಂದ ಮಲಸೀಜಿಯ ಎಂಬ ಯೀಸ್ಟ್ ಸೋಂಕು ಮಾತ್ರ, ಆ ಹುಳಿ ವಾಸನೆ ಮತ್ತು ಕಂದು ಜಿಡ್ಡು ಅದರದ್ದೇ ಲಕ್ಷಣ, ಆಗಲೇ ಬಂದಿದ್ದರೆ ಔಷಧಿಯ ಶಾಂಪೂವಿನಲ್ಲೇ ಮುಗಿಯುತ್ತಿತ್ತು ಎಂದು ಅವರು ಹೇಳಿದಾಗ ನನಗೆ ತಲೆಯೆತ್ತಿ ನೋಡಲಾಗಲಿಲ್ಲ.

ಚಿಕಿತ್ಸೆ ದೀರ್ಘವಾಗಿತ್ತು. ತೂಕಕ್ಕೆ ತಕ್ಕಂತೆ ತಿಂಗಳಿಗೊಮ್ಮೆ ನುಸಿ ಕೊಲ್ಲುವ ಫ್ಲೂರಾಲನರ್ ಗುಂಪಿನ ಮಾತ್ರೆ, ವಾರಗಟ್ಟಲೆ ಪ್ರತಿಜೀವಕ, ಕ್ಲೋರ್‌ಹೆಕ್ಸಿಡಿನ್ ಮತ್ತು ಮೈಕೊನಜೋಲ್ ಇರುವ ಶಾಂಪೂವಿನಲ್ಲಿ ಪಾದ ತೊಳೆಯುವುದು, ನೆಕ್ಕದಂತೆ ಕೊರಳಿಗೆ ಆಲಿಕೆಯಂಥ ಪ್ಲಾಸ್ಟಿಕ್ ಪಟ್ಟಿ. ಶಾಂಪೂ ಹಚ್ಚಿದ ಮೇಲೆ 10 ನಿಮಿಷ ಹಾಗೆಯೇ ಬಿಡಬೇಕು, ಕೂಡಲೇ ತೊಳೆದರೆ ಪ್ರಯೋಜನವಿಲ್ಲ. ಆ ಹತ್ತು ನಿಮಿಷ ಕೆಂಪಿಯ ಕಾಲನ್ನು ತೊಡೆಯ ಮೇಲಿಟ್ಟುಕೊಂಡು ಬಚ್ಚಲಿನಲ್ಲಿ ಕುಳಿತಿರುತ್ತಿದ್ದೆ. ಗಂಟು ಮಾಯವಾಯಿತೆಂದು ಔಷಧಿ ನಿಲ್ಲಿಸುವಂತಿರಲಿಲ್ಲ. ತಿಂಗಳ ಅಂತರದಲ್ಲಿ ಮಾಡಿದ ಎರಡು ಕೆರೆತಗಳಲ್ಲಿ ಒಂದೂ ನುಸಿ ಕಾಣದಿದ್ದಾಗ ಮಾತ್ರ ಮುಗಿಯಿತೆಂದು ಲೆಕ್ಕ, ಅಷ್ಟರಲ್ಲಿ ಡಿಸೆಂಬರ್ ಬಂದಿತ್ತು. ಎಡಗಾಲಿನ ಸಂದಿಯೊಂದರಲ್ಲಿ ಇವತ್ತಿಗೂ ಕೂದಲು ಬಂದಿಲ್ಲ.

ಪಶುವೈದ್ಯರು ಸ್ಟಿರಾಯ್ಡ್ ಬಳಸುವುದೇ ಇಲ್ಲವೆಂದು ನಾನು ಹೇಳುತ್ತಿಲ್ಲ. ಅಲರ್ಜಿಯ ತುರಿಕೆಗೆ ಅವರೂ ಕೊಡುತ್ತಾರೆ, ಆದರೆ ನುಸಿ ಮತ್ತು ಸೋಂಕು ಇಲ್ಲವೆಂದು ನೋಡಿಕೊಂಡ ನಂತರ, ಲೆಕ್ಕ ಹಾಕಿದ ಪ್ರಮಾಣದಲ್ಲಿ ಕೊಡುತ್ತಾರೆ. ಹೊರಗಿನಿಂದ ನೋಡಿದರೆ ಎಲ್ಲ ಕೆಂಪು ಪಾದವೂ ಒಂದೇ. ಯೀಸ್ಟ್ ಇರಬಹುದು, ಧೂಳು ಬೂಷ್ಟುಗಳ ಅಲರ್ಜಿ ಇರಬಹುದು, ಬೆರಳ ಸಂದಿಯಲ್ಲಿ ಅಡಗಿದ ಉಣ್ಣಿ ಇರಬಹುದು, ಒದ್ದೆ ಮಣ್ಣಿನಿಂದ ಪಾದದ ಚರ್ಮದೊಳಕ್ಕೆ ನುಗ್ಗುವ ಕೊಕ್ಕೆಹುಳುವಿನ ಮರಿ ಇರಬಹುದು. ನಮ್ಮ ಕಡೆ ಇನ್ನೆರಡು ಸಂಗತಿಗಳನ್ನೂ ವೈದ್ಯರು ಕೇಳಿದರು. ಒಂದು, ಕೊಳೆರೋಗಕ್ಕೆ ತೋಟಕ್ಕೆ ಹೊಡೆಯುವ ಬೋರ್ಡೋ ದ್ರಾವಣ. 100 ಲೀಟರ್ ನೀರಿಗೆ 1 ಕಿಲೋ ಮೈಲುತುತ್ತ, 1 ಕಿಲೋ ಸುಣ್ಣ ಬೆರೆಸಿದ ಅದು ತೊಟ್ಟಿಕ್ಕಿದ ನೆಲದ ಮೇಲೆ ನಡೆದ ನಾಯಿ ಅದೇ ಪಾದವನ್ನು ನೆಕ್ಕುತ್ತದೆ. ಇನ್ನೊಂದು, ಚಳಿಗೆ ನಾಯಿಗಳು ಹೋಗಿ ಮಲಗುವ ಬಚ್ಚಲೊಲೆಯ ಬೂದಿ. ಒದ್ದೆ ಕಾಲಿಗೆ ಮೆತ್ತಿದ ಬೂದಿ ಕ್ಷಾರವಾಗಿ ಚರ್ಮವನ್ನು ಸುಡುತ್ತದೆ. ಈ ವರ್ಷ ಔಷಧಿ ಹೊಡೆದ ದಿನಗಳಲ್ಲಿ ಕೆಂಪಿಯನ್ನು ತೋಟಕ್ಕೆ ಬಿಡಲಿಲ್ಲ, ಒಲೆಯ ಪಕ್ಕಕ್ಕೆ ಹಲಗೆ ಅಡ್ಡ ಇಟ್ಟು ಜಗಲಿಯಲ್ಲಿ ಗೋಣಿ ಹಾಸಿದ್ದೇವೆ. ಹೊರಗಿನಿಂದ ಬಂದಾಗಲೆಲ್ಲ ಬರೀ ನೀರಿನಲ್ಲಿ ಪಾದ ತೊಳೆದು, ಹಳೆಯ ಪಂಚೆಯ ತುಂಡಿನಿಂದ ಒಂದೊಂದು ಸಂದಿಯನ್ನೂ ಬಿಡಿಸಿ ಒರೆಸುತ್ತೇನೆ. ಒರೆಸುವುದು ತೊಳೆಯುವುದಕ್ಕಿಂತ ಮುಖ್ಯ.

ಈಗಾಗಲೇ ಇಂಥ ಮುಲಾಮು ಹಚ್ಚುತ್ತಿರುವವರು ಇದನ್ನು ಓದುತ್ತಿದ್ದರೆ, ಇನ್ನೊಂದು ಮುಲಾಮಿಗೆ ಬದಲಾಯಿಸಬೇಡಿ, ಡೆಟಾಲ್ ಸುರಿಯಬೇಡಿ, ಟೀ ಟ್ರೀ ಎಣ್ಣೆಯನ್ನಂತೂ ಹಚ್ಚಲೇಬೇಡಿ, ಅದು ನಾಯಿಗೆ ವಿಷ. ಟ್ಯೂಬನ್ನು ಎಸೆಯದೆ ಚೀಲಕ್ಕೆ ಹಾಕಿಕೊಂಡು, ಎಷ್ಟು ದಿನ ಹಚ್ಚಿದಿರಿ, ನಾಯಿ ಎಷ್ಟು ನೀರು ಕುಡಿಯುತ್ತಿದೆ ಎಂಬುದನ್ನು ನೆನಪಿಟ್ಟುಕೊಂಡು ಪಶುವೈದ್ಯರಲ್ಲಿಗೆ ಹೋಗಿ. ಬಹಳ ದಿನ ಸ್ಟಿರಾಯ್ಡ್ ಮೈಗೆ ಸೇರಿದ್ದರೆ ಅದನ್ನು ಹೇಗೆ ಬಿಡಿಸಬೇಕೆಂಬುದನ್ನೂ ಅವರೇ ನಿರ್ಧರಿಸಬೇಕು. ಚರ್ಮ ಕೆರೆದು ಪರೀಕ್ಷಿಸುವಂತೆ ನೀವಾಗಿಯೇ ಕೇಳಿ. ಹತ್ತಿರದಲ್ಲಿ ಆ ಸೌಲಭ್ಯವಿಲ್ಲದಿದ್ದರೆ ಶಿವಮೊಗ್ಗ, ಹಾಸನ, ಬೀದರ್ ಮತ್ತು ಬೆಂಗಳೂರಿನ ಹೆಬ್ಬಾಳದಲ್ಲಿ ಪಶುವೈದ್ಯಕೀಯ ಕಾಲೇಜುಗಳಿವೆ.