ಬಾಂಡ್ ಪೇಪರ್ ಮೇಲೆ ಬರೆದ ಸೋಡಚೀಟಿ (ಗಂಡ ಹೆಂಡತಿ ಬಿಡುಗಡೆಯ ಪತ್ರ) ಡೈವೋರ್ಸ್ ಅಲ್ಲ, ದಯವಿಟ್ಟು ನಂಬಬೇಡಿ

ನಿನ್ನೆ ರಾತ್ರಿ ಬರೆದು ಅಳಿಸಿದೆ. ಇವತ್ತು ಮತ್ತೆ ಬರೆಯುತ್ತಿದ್ದೇನೆ. ಮನೆ ಮಾತು ಹೊರಗೆ ಹಾಕಬೇಡ ಅಂತ ಅವ್ವ ಹೇಳಿದಳು. ಆದರೆ ತಂಗಿಯೇ "ಬರಿ ಅಣ್ಣಾ, ಇನ್ನೊಬ್ಬಾಕಿಗೆ ಹಿಂಗ ಆಗಬಾರದು" ಅಂದಳು.

ನಮ್ಮದು ಇಂಡಿ ತಾಲ್ಲೂಕು. ತಂಗಿಯನ್ನು ಸಿಂದಗಿ ಕಡೆ ಕೊಟ್ಟಿದ್ದೆವು. ಹೊಂದಲಿಲ್ಲ. ನಾಲ್ಕು ವರ್ಷದ ಮಗಳನ್ನು ಕರೆದುಕೊಂಡು ಎರಡು ವರ್ಷದಿಂದ ತವರಲ್ಲೇ ಇದ್ದಳು. ಹಿರಿಯರು ಕೂತು ಹೇಳಿದರು, ಆಗಲಿಲ್ಲ. ಕೊನೆಗೆ ಹೋದ ವರ್ಷ ಎರಡೂ ಮನೆಯವರು ಬಿಡುಗಡೆಗೆ ಒಪ್ಪಿದೆವು.

ವಿಜಯಪುರದ ಕೋರ್ಟ್ ಹತ್ತಿರ ಒಬ್ಬ ಮನುಷ್ಯನನ್ನು ಪರಿಚಯದವರು ತೋರಿಸಿದರು. ವಕೀಲರು ಅಂತಲೇ ತಿಳಿದೆವು. ಬಿಳಿ ಅಂಗಿ, ಕೈಯಲ್ಲಿ ಫೈಲು, ಹೋಗಿ ಬರುವವರೆಲ್ಲ ಅವನಿಗೆ ನಮಸ್ಕಾರ ಮಾಡುತ್ತಿದ್ದರು. "ಕೋರ್ಟಿಗೆ ಹೋದ್ರ ಹತ್ತ ವರ್ಷ ಅಡ್ಡಾಡಬೇಕ್ರಿ ಅಣ್ಣಾರ. ಇಬ್ರೂ ಒಪ್ಪೀರಿ ಅಂದ ಮ್ಯಾಲ ಕೋರ್ಟ್ ಯಾಕ? ನಾ ಎಂಟ ದಿನದಾಗ ಮಾಡಿಸಿ ಕೊಡ್ತೀನಿ" ಅಂದ. 35 ಸಾವಿರ ಕೇಳಿದ. ಮೊದಲು 20, ಸಹಿ ಆದ ದಿನ 15. ರಸೀದಿ ಇಲ್ಲ. ನಮ್ಮ ಪರ ಕೇಸು ನಡೆಸಲು ವಕೀಲರಿಗೆ ಬರೆದುಕೊಡುವ ವಕಾಲತ್ತಿಗೆ ಸಹಿ ತಗೊಳ್ಳಲಿಲ್ಲ. ಜಡ್ಜ್ ಮುಂದೆ ನಿಲ್ಲಿಸಲಿಲ್ಲ. ಜಡ್ಜ್ ಮುಖವನ್ನೇ ನೋಡದೆ ಡೈವೋರ್ಸ್ ಹೇಗೆ ಆಗುತ್ತೆ ಅಂತ ನನಗೆ ಹೊಳೆಯಲೇ ಇಲ್ಲ! ನಾನು ಬಿ.ಎ. ಓದಿದವನು.

ಬಾಂಡ್ ಪೇಪರ್, ಎರಡೂ ಕಡೆಯ ಸಹಿ, ನಾಲ್ಕು ಜನ ಸಾಕ್ಷಿ, ನೋಟರಿ ಸಿಕ್ಕಾ, ಕೆಂಪು ಸೀಲು. ಒಂದೂವರೆ ಲಕ್ಷ ಕೊಡುತ್ತೇವೆ ಅಂತ ಗಂಡನ ಕಡೆಯವರು ಒಪ್ಪಿದ್ದರು. ಅವತ್ತು 50 ಸಾವಿರ ಕೊಟ್ಟರು, ಉಳಿದದ್ದು ಆಮೇಲೆ ಅಂದರು. ಮುಂದೆ ಜೀವನಾಂಶ ಕೇಳುವುದಿಲ್ಲ, ಮಗುವಿನ ಖರ್ಚೂ ಕೇಳುವುದಿಲ್ಲ ಅಂತ ಬರೆಸಿದ್ದರು. ನಾನು ಅದನ್ನೂ ಓದಿ, ತಂಗಿಗೆ "ಮಾಡು" ಅಂದೆ. ನಾನೇ ಅಂದೆ.

ಆಮೇಲೆ ಜಮಖಂಡಿ ಕಡೆಯಿಂದ ಒಂದು ಸಂಬಂಧ ಬಂತು. ಒಳ್ಳೆ ಜನ, ಮಗುವನ್ನೂ ಒಪ್ಪಿದ್ದರು. ಸೂಸಲಾ ತಿಂದು ಚಹಾ ಕುಡಿಯುತ್ತಿರುವಾಗ ಹುಡುಗನ ಸೋದರಮಾವ "ಡಿಕ್ರಿ ಕಾಪಿ ಇದ್ರ ಒಮ್ಮೆ ತೋರಸ್ರಿ ತಮ್ಮಾ" ಅಂದರು. ಡಿಕ್ರಿ ಅಂದರೆ ಡೈವೋರ್ಸ್ ಆಯಿತು ಅಂತ ಕೋರ್ಟ್ ಕೊಡುವ ಆದೇಶ. ಅವರು ಕೋರ್ಟಿನಲ್ಲಿ ಕೆಲಸ ಮಾಡಿ ನಿವೃತ್ತಿ ಆದವರು. ನಾನು ತಿಜೋರಿಯಿಂದ ಆ ಬಾಂಡ್ ತಂದು ಕೊಟ್ಟೆ. ಅವರು ಮುಂದೆ ನೋಡಿದರು, ಹಿಂದೆ ತಿರುವಿದರು, ಮತ್ತೆ ಮುಂದೆ ನೋಡಿದರು. ಆಮೇಲೆ ಮೆಲ್ಲಗೆ, ಯಾರಿಗೂ ಬೇಜಾರಾಗಬಾರದು ಅನ್ನುವ ಹಾಗೆ, "ಇದು ಕೋರ್ಟಿಂದಲ್ಲ ತಮ್ಮಾ. ಕಾನೂನಿನಾಗ ಈಕಿ ಇನ್ನೂ ಅವರ ಮನಿ ಸೊಸೀನ" ಅಂದರು. ತಂಗಿ ಬಾಗಿಲ ಹತ್ತಿರ ನಿಂತಿದ್ದಳು. ಅವಳು ಕೇಳಿಸಿಕೊಂಡಳು. ನಾನು ಆಗ ಎಲ್ಲಿ ನೋಡಲಿ?

ಅವರು ಕೇಳದೇ ನಾವು ಮದುವೆ ಮಾಡಿಬಿಟ್ಟಿದ್ದರೆ ಏನಾಗುತ್ತಿತ್ತು ಅಂತ ಆಮೇಲೆ ಗೊತ್ತಾಯಿತು. ಆ ಮದುವೆಯೇ ಊರ್ಜಿತ ಅಲ್ಲ. ಮೇಲೆ ಭಾರತೀಯ ನ್ಯಾಯ ಸಂಹಿತೆಯ 82ನೇ ಕಲಂ ಕೆಳಗೆ ತಂಗಿ ಮೇಲೆ ಕೇಸು, 7 ವರ್ಷದವರೆಗೆ ಜೈಲು. ಏನೂ ತಪ್ಪು ಮಾಡದ ಹುಡುಗಿ!

ಮರುದಿನ ಆ ಮನುಷ್ಯನಿಗೆ ಫೋನ್ ಮಾಡಿದೆ. ಮೊದಲು "ಯಾರ್ರೀ ನೀವು?" ಅಂದ. ಹೆಸರು ಹೇಳಿದ ಮೇಲೆ "ನಿಮ್ಮ ಕೆಲಸ ಆಗೇತಲ್ರಿ, ಸುಮ್ನ ಯಾಕ ತಲಿ ಕೆಡಿಸ್ಕೋತೀರಿ?" ಅಂದ. ಡೈವೋರ್ಸ್ ಆಗಿಲ್ಲವಂತೆ ಅಂದೆ. "ನಮ್ಮ ಕಡೆ ಮೊದಲಿನಿಂದ ಸೋಡಚೀಟಿ ನಡೀತದ" ಅಂದ. ನಾನು ಬಿಡಲಿಲ್ಲ. ಆಗ ಅವನು ಹೇಳಿದ ಮಾತು ಇನ್ನೂ ಕಿವಿಯಲ್ಲಿದೆ: "ನಾ ಡೈವೋರ್ಸ್ ಅಂತ ಎಲ್ಲಿ ಬರದೀನಿ? ಮ್ಯಾಲ ನೋಡ್ರಿ, ಒಪ್ಪಂದ ಪತ್ರ ಅಂತ ಬರದೀನಿ. ಓದಿ ಸಹಿ ಮಾಡೀರಿ."

ಹೋಗಿ ನೋಡಿದೆ. ಒಪ್ಪಂದ ಪತ್ರ ಅಂತಲೇ ಇತ್ತು. ರೊಕ್ಕ ವಾಪಸ್ ಕೇಳಿದ್ದಕ್ಕೆ "ಟೈಪಿಂಗ್ ಚಾರ್ಜ್, ನೋಟರಿ ಚಾರ್ಜ್ ಯಾರ ಕೊಡತಾರ?" ಅಂದ. ಅವನು ವಕೀಲನೇ ಅಲ್ಲ ಅನ್ನೋದು ಆಮೇಲೆ ತಿಳಿಯಿತು. ಈಗಲೂ ಅಲ್ಲೇ ಕೂರುತ್ತಾನೆ.

ಕೋರ್ಟಿನ ಆವರಣದಲ್ಲೇ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದ ಕಚೇರಿ ಇದೆ. ಹೆಣ್ಣುಮಕ್ಕಳಿಗೆ ಆದಾಯ ಎಷ್ಟೇ ಇರಲಿ, ಅಲ್ಲಿ ವಕೀಲರನ್ನು ಪುಕ್ಕಟೆ ಕೊಡುತ್ತಾರೆ. 15100ಕ್ಕೆ ಫೋನ್ ಮಾಡಿದರೂ ಹೇಳುತ್ತಾರೆ. ಅದರ ಮುಂದೆಯೇ ಹಾದುಹೋಗಿ ನಾನು 35 ಸಾವಿರ ಕಳೆದುಕೊಂಡೆ. ಅಲ್ಲಿ ಸಿಕ್ಕ ವಕೀಲ ಮೇಡಂ ಎಲ್ಲ ಬಿಡಿಸಿ ಹೇಳಿದರು. ಇಬ್ಬರೂ ಒಪ್ಪಿದ್ದರೆ ಹಿಂದೂ ವಿವಾಹ ಕಾಯ್ದೆಯ 13ಬಿ ಕೆಳಗೆ ಅರ್ಜಿ ಹಾಕಬಹುದು. ಅದಕ್ಕೆ ಒಂದು ವರ್ಷ ಬೇರೆ ಇದ್ದಿರಬೇಕು. ಅರ್ಜಿ ಹಾಕಿ 6 ತಿಂಗಳಾದ ಮೇಲೆ ಇಬ್ಬರೂ ಮತ್ತೆ ಜಡ್ಜ್ ಮುಂದೆ ಒಪ್ಪಿಗೆ ಹೇಳಬೇಕು. ಆ 6 ತಿಂಗಳನ್ನೂ ತಕ್ಕ ಕಾರಣ ಇದ್ದರೆ ಬಿಡಬಹುದು ಅಂತ 2017ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಎಲ್ಲಿಯ ಹತ್ತು ವರ್ಷ? ನಮ್ಮ ತಂಗಿ ಎರಡು ವರ್ಷ ಬೇರೆ ಇದ್ದಳು. ಅವತ್ತೇ ಅರ್ಜಿ ಹಾಕಿದ್ದರೆ ಈ ಹೊತ್ತಿಗೆ ಮುಗಿಯುತ್ತಿತ್ತು.

ರೂಢಿಯ ಸೋಡಚೀಟಿಗೆ ಕಾನೂನಿನಲ್ಲಿ ಜಾಗ ಇದೆ. ಆದರೆ ನಿಮ್ಮ ಸಮಾಜದಲ್ಲಿ ಆ ರೂಢಿ ನಿಜವಾಗಿ ಇದೆ ಅಂತ ಕೋರ್ಟಿನಲ್ಲಿ ಸಾಬೀತು ಮಾಡಬೇಕು. ನಮ್ಮಲ್ಲಿ ಅಂಥದ್ದು ಇಲ್ಲ. ಮದುವೆ, ವಿಚ್ಛೇದನದ ಪತ್ರ ಮಾಡಿಕೊಡುವುದು ನೋಟರಿ ಕೆಲಸ ಅಲ್ಲ ಅಂತ 2024ರಲ್ಲೇ ಕೇಂದ್ರ ಕಾನೂನು ಇಲಾಖೆ ಹೇಳಿದೆಯಂತೆ. ನಮಗೆ ಯಾರು ಹೇಳಬೇಕು?

ಜೀವನಾಂಶ ಬೇಡ ಅಂತ ಬರೆದುಕೊಟ್ಟ ಮಾತ್ರಕ್ಕೆ ಆ ಹಕ್ಕು ಹೋಗಲ್ಲ, ಮಗಳ ಖರ್ಚಂತೂ ಹೋಗುವುದೇ ಇಲ್ಲ ಅಂದರು ಮೇಡಂ. ಆದರೆ ಅದೇ ಕಾಗದ ಹಿಡಿದು ಅವರು ವಾದ ಮಾಡುತ್ತಾರೆ, ನಾವು ಉತ್ತರ ಕೊಡುತ್ತಾ ಅಡ್ಡಾಡಬೇಕು. ಗಂಡನ ಕಡೆಯವರೂ ಈಗ ಬದಲಾಗಿದ್ದಾರೆ. "50 ಸಾವಿರ ತಿರುಗಿ ಕೊಡ್ರಿ, ಆಮ್ಯಾಲ ಕೋರ್ಟಿಗೆ ಬರ್ತೀವಿ" ಅನ್ನುತ್ತಿದ್ದಾರೆ. ಅವರು ಒಪ್ಪದಿದ್ದರೆ 13ಬಿ ನಡೆಯಲ್ಲ. ಕಾರಣ ತೋರಿಸಿ ಬೇರೆ ಕೇಸು ಹಾಕಬೇಕು, ಅದು ಎಷ್ಟು ದಿನವೋ.

ಅಕ್ಕ ತಂಗಿಯರೇ, ಅಣ್ಣ ತಮ್ಮಂದಿರೇ, ಇಷ್ಟು ಮಾಡಿ. ಯಾರಿಗೂ ರೊಕ್ಕ ಕೊಡುವ ಮೊದಲು ಅವರು ವಕೀಲರು ಹೌದೋ ಅಲ್ಲವೋ ನೋಡಿ. ಕೇಸು ಹಾಕಿದ್ದೇವೆ ಅಂದರೆ ಪ್ರತಿ ಕೇಸಿಗೂ ಕೋರ್ಟ್ ಕೊಡುವ 16 ಅಕ್ಷರದ ಸಿಎನ್‌ಆರ್ ನಂಬರ್ ಕೇಳಿ, ಇ-ಕೋರ್ಟ್ಸ್ ಆಪ್‌ನಲ್ಲಿ ಹಾಕಿ ನೋಡಿ. ನಂಬರ್ ಇಲ್ಲ ಅಂದರೆ ಕೇಸೇ ಇಲ್ಲ. ಡಿಕ್ರಿ ಕೈಗೆ ಬರುವವರೆಗೆ ಬೇರೆ ಮದುವೆ ಮಾತು ಬೇಡ. ಬಾಂಡ್ ಮೇಲೆ ಸಹಿ ಬೇಡ. ಬೇಡವೇ ಬೇಡ.

ನನ್ನ ರೊಕ್ಕ ಹೋಯಿತು, ಬಿಡಿ. ಜಮಖಂಡಿಯವರು ಎರಡು ತಿಂಗಳು ಕಾದರು. ಆಮೇಲೆ ಬೇರೆ ಕಡೆ ಗಟ್ಟಿ ಮಾಡಿಕೊಂಡರು. ಅವರ ತಪ್ಪಲ್ಲ. ಆ ಸುದ್ದಿ ಬಂದ ದಿನ ತಂಗಿ ನನಗೆ ಒಂದು ಮಾತೂ ಬಯ್ಯಲಿಲ್ಲ. ಊಟಕ್ಕೆ ಹಾಕಿ "ಉಣ್ಣಣ್ಣಾ" ಅಂದಳು. ನನಗೆ ಉಣ್ಣಲು ಆಗಲಿಲ್ಲ.