ದಸರಾ ರಜೆಗೆ ವಿಯೆಟ್ನಾಂ ಪ್ಯಾಕೇಜ್: ಮುಂಗಡ ಕೊಡುವ ಮೊದಲು ಇದನ್ನು ಓದಿ

ಚಿಕ್ಕಮಗಳೂರಿನಲ್ಲಿ ಯಾವುದೇ ಟ್ರಾವೆಲ್ ಏಜೆಂಟರು ನಿಮಗೆ "ಅಕ್ಟೋಬರ್ ಅಂದ್ರೆ ವಿಯೆಟ್ನಾಂಗೆ ಬೆಸ್ಟ್ ಸೀಸನ್" ಎಂದು ಹೇಳಿದರೆ, ದಯವಿಟ್ಟು ಯಾವ ಊರಿಗೆ ಎಂದು ಕೇಳಿ. ನಾನು ಕೇಳಲಿಲ್ಲ. ಆ ಒಂದು ಪ್ರಶ್ನೆ ಕೇಳದ ತಪ್ಪಿಗೆ ನಮ್ಮ ಮನೆಯ ಐವರು, ನನ್ನ ಮಾತನ್ನೇ ನಂಬಿ ಜೊತೆಗೆ ಹೊರಟ ಭಾವನವರ ಮನೆಯ ಮೂವರು, ಒಟ್ಟು ಎಂಟು ಜನ ತಲೆಗೆ 84,000 ರೂಪಾಯಿ ಕೊಟ್ಟು, ಹೊಯ್ ಆನ್ ಎಂಬ ಊರಿನ ಹೋಟೆಲಿನ ಮೆಟ್ಟಿಲ ಮೇಲೆ ಕುಳಿತು ಬೀದಿಯ ನೀರು ಏರುವುದನ್ನು ನೋಡಿಕೊಂಡು ಬಂದೆವು. ಭಾವನವರು ಇಂದಿಗೂ ನನಗೆ ಒಂದು ಮಾತೂ ಅಂದಿಲ್ಲ, ಅದೇ ನನಗೆ ಹೆಚ್ಚು ನೋವು ಕೊಡುತ್ತಿದೆ.

ಕಾಫಿ ತೋಟದವರಿಗೆ ಬಿಡುವು ಯಾವಾಗ ಸಿಗುತ್ತದೆ ಎಂಬುದು ನಿಮಗೇ ಗೊತ್ತಿದೆ. ಅರೇಬಿಕಾ ಕೊಯ್ಲು ಶುರುವಾಗುವ ಮೊದಲು, ಮಕ್ಕಳಿಗೆ ದಸರಾ ರಜೆ ಇರುವಾಗ ಹತ್ತು ದಿನ, ಅಷ್ಟೇ. ಇದನ್ನೇ ಏಜೆಂಟರಿಗೆ ಹೇಳಿದೆ. ಅವರು ಕ್ಷಣವೂ ಯೋಚಿಸದೆ, "ಅಕ್ಟೋಬರ್‌ಗೇ ಹೋಗಿ ಸಾರ್, ಸೆಕೆಯೂ ಇಲ್ಲ, ಚಳಿಯೂ ಇಲ್ಲ. ಪೀಕ್ ಸೀಸನ್. ಆದ್ರೂ ನಿಮಗೆ ಹಬ್ಬದ ರೇಟ್ ಹಾಕಿಕೊಡ್ತೀನಿ" ಎಂದರು. ಪೀಕ್ ಸೀಸನ್ನಿನಲ್ಲಿ ಯಾರು ತಾನೇ ದರ ಇಳಿಸುತ್ತಾರೆ? ಆಗಲೇ ನನಗೆ ಅನುಮಾನ ಬರಬೇಕಿತ್ತು.

ಅವರು ಹೇಳಿದ್ದು ಪೂರ್ತಿ ಸುಳ್ಳಲ್ಲ, ಅರ್ಧ ಸತ್ಯ. ಉತ್ತರದ ಹನೋಯ್‌ನಲ್ಲಿ ನಿಜಕ್ಕೂ ತಿಳಿ ಬಿಸಿಲಿತ್ತು, ಹಾ ಲಾಂಗ್ ಕೊಲ್ಲಿಯ ದೋಣಿಯಲ್ಲಿ ಅಮ್ಮ ಮಗುವಿನಂತೆ ಸಂತೋಷಪಟ್ಟರು. ನಾಲ್ಕನೆಯ ದಿನ ವಿಮಾನದಲ್ಲಿ ಮಧ್ಯ ಕರಾವಳಿಯ ದಾ ನಾಂಗ್‌ಗೆ ಇಳಿದಾಗ ಆಕಾಶ ಕಪ್ಪಾಗಿತ್ತು. ಏಜೆಂಟರು ತಮ್ಮ ಅಂಗಡಿಯ ಗೋಡೆಯ ತುಂಬ ಅಂಟಿಸಿರುವ ಬಾ ನಾ ಬೆಟ್ಟದ ಚಿನ್ನದ ಸೇತುವೆಯನ್ನು, ಅಂದರೆ ಎರಡು ದೊಡ್ಡ ಕಲ್ಲಿನ ಕೈಗಳು ಹಿಡಿದುಕೊಂಡಂತೆ ಕಾಣುವ, 2018ರಲ್ಲಿ ತೆರೆದ ಆ ಸೇತುವೆಯನ್ನು ನೋಡಲು ಕೇಬಲ್ ಕಾರಿನಲ್ಲಿ ಹೋದೆವು. ಸೇತುವೆಯ ಮೇಲೆ ನಿಂತರೂ ಆ ಕೈಗಳು ಕಾಣಲಿಲ್ಲ. ಮುಳ್ಳಯ್ಯನಗಿರಿಯ ಮಂಜನ್ನು ಮನೆಯ ಬಾಗಿಲಲ್ಲೇ ಬಿಟ್ಟು ಬಂದು, ಅದೇ ಮಂಜಿನಲ್ಲಿ ನಡುಗುತ್ತ ನಿಂತಿದ್ದೆವು.

ಮೋಸ ಹೋಗಿದ್ದೇವೆ ಎಂದು ನನಗೆ ಖಚಿತವಾದದ್ದು ಮಾರನೆಯ ದಿನ, ಹೊಯ್ ಆನ್‌ನ ಟಾನ್ ಕಿ ಎಂಬ ಹಳೆಯ ಮನೆಯಲ್ಲಿ. ಆ ಮನೆಯ ಗೋಡೆಯ ಮೇಲೆ ಯಾವ ವರ್ಷ ನದಿಯ ನೀರು ಎಲ್ಲಿಯವರೆಗೆ ಏರಿತ್ತು ಎಂದು ಗುರುತು ಹಾಕಿಟ್ಟಿದ್ದಾರೆ. ಒಂದರ ಮೇಲೊಂದು ಗುರುತುಗಳು, 1964ರದ್ದು ನನ್ನ ತಲೆಗಿಂತಲೂ ಮೇಲೆ. ಇವೆಲ್ಲ ಯಾವ ತಿಂಗಳಿನವು ಎಂದು ಅಲ್ಲಿನ ಗೈಡ್‌ನನ್ನು ಕೇಳಿದೆ. ಹೆಚ್ಚಿನವು ಅಕ್ಟೋಬರ್, ನವೆಂಬರ್ ಎಂದ. ಇದು ನಮ್ಮ ಮಳೆಗಾಲ, ನಿಮಗೆ ಯಾರೂ ಹೇಳಲಿಲ್ಲವೇ ಎಂದೂ ಕೇಳಿದ. ಎಂಟು ಜನರ ಎದುರಿಗೆ ನನಗೆ ಉತ್ತರ ಹೊಳೆಯಲಿಲ್ಲ.

ಅಂದು ರಾತ್ರಿಯೇ ತು ಬೊನ್ ನದಿಯ ನೀರು ಬೀದಿಗೆ ಬಂತು. ಹೋಟೆಲಿನ ಹುಡುಗರು ಗಾಬರಿಯಿಲ್ಲದೆ ಕೆಳಗಿನ ಸೋಫಾ, ಕುರ್ಚಿಗಳನ್ನು ಮಹಡಿಗೆ ಸಾಗಿಸುತ್ತಿದ್ದರು. ಯಾವುದು ಮೊದಲು, ಯಾವುದು ಆಮೇಲೆ ಎಂಬುದು ಅವರಿಗೆ ಬಾಯಿಪಾಠವಾದಂತಿತ್ತು. ಆ ಊರಿನ ಪ್ರತಿ ಹುಡುಗನಿಗೂ ಗೊತ್ತಿರುವ ವಿಷಯ ಅಲ್ಲಿಗೆ ಜನರನ್ನು ಕಳುಹಿಸುವುದನ್ನೇ ವ್ಯಾಪಾರ ಮಾಡಿಕೊಂಡವರಿಗೆ ಗೊತ್ತಿರಲಿಲ್ಲ ಎಂದರೆ ನಾನು ನಂಬುವುದಿಲ್ಲ.

ಅಲ್ಲಿಂದಲೇ ಏಜೆಂಟರನ್ನು ವಾಟ್ಸಾಪ್‌ನಲ್ಲಿ ಕೇಳಿದೆ. ಮೊದಲ ಉತ್ತರ: "ಮಳೆ ದೇವರ ಕೈಲಿದೆ ಸಾರ್." ಎರಡನೆಯದು: "ಹನೋಯ್‌ನಲ್ಲಿ ಬಿಸಿಲು ಸಿಕ್ತಲ್ಲ?" ಬೀದಿಯ ಫೋಟೊ ಕಳುಹಿಸಿದ ಮೇಲೆ ಬಂದದ್ದು: "ಚಿಕ್ಕಮಗಳೂರಿನೋರು ನೀವು, ಮಳೆಗೆ ಹೆದರ್ತೀರಾ?" ಪಕ್ಕಕ್ಕೆ ಒಂದು ನಗುವ ಮುಖ. ಎಪ್ಪತ್ತೊಂದು ವರ್ಷದ ನನ್ನ ತಾಯಿ ಮೇಲಿನ ಕೋಣೆಯಲ್ಲಿ ಒದ್ದೆ ಸೀರೆಯನ್ನು ಫ್ಯಾನಿಗೆ ಒಣಗಿಸುತ್ತಿದ್ದಾಗ ಬಂದ ಉತ್ತರ ಅದು. ಅದನ್ನು ನಾನು ಅಳಿಸಿಲ್ಲ, ಅಳಿಸುವುದೂ ಇಲ್ಲ.

ಮಳೆಯ ವಿಷಯದಲ್ಲಿ ನಮ್ಮ ಜಿಲ್ಲೆಯವರಿಗೆ ಪಾಠ ಬೇಕಿಲ್ಲ. ಜುಲೈನಲ್ಲಿ ಶೃಂಗೇರಿಯಲ್ಲಿ ತುಂಗೆ ಉಕ್ಕುತ್ತಿರುವಾಗ ಕಡೂರಿನವರು ರಾಗಿ ಬಿತ್ತಲು ಮೋಡ ನೋಡುತ್ತಿರುತ್ತಾರೆ. ಒಂದು ಜಿಲ್ಲೆಯೊಳಗೇ ಹೀಗಿರುವಾಗ, ಉತ್ತರದಿಂದ ದಕ್ಷಿಣಕ್ಕೆ ಸುಮಾರು 1,650 ಕಿ.ಮೀ. ಉದ್ದವಿರುವ ದೇಶಕ್ಕೆಲ್ಲ ಒಂದೇ ಸೀಸನ್ ಇರುವುದು ಸಾಧ್ಯವೇ? ಅಲ್ಲಿಯೂ ಘಟ್ಟಗಳಿವೆ, ಆದರೆ ಲೆಕ್ಕ ನಮ್ಮದಕ್ಕೆ ತಿರುಗುಮುರುಗು. ನಮಗೆ ಮಳೆ ತರುವ ನೈಋತ್ಯ ಮಾರುತ ಅಲ್ಲಿ ಲಾವೋಸ್ ಕಡೆಯ ಇಳಿಜಾರಿನಲ್ಲೇ ಹೆಚ್ಚಾಗಿ ಸುರಿದುಬಿಡುವುದರಿಂದ ಜೂನ್, ಜುಲೈನಲ್ಲಿ ಮಧ್ಯ ಕರಾವಳಿ ಒಣಗಿ ಕಾಯುತ್ತಿರುತ್ತದೆ. ಸೆಪ್ಟೆಂಬರ್‌ನಿಂದ ಡಿಸೆಂಬರ್‌ವರೆಗೆ ಚಂಡಮಾರುತಗಳೂ ಸಮುದ್ರದ ಕಡೆಯಿಂದ ಬೀಸುವ ಈಶಾನ್ಯ ಮಾರುತವೂ ಸೇರಿ ಹುಯೆ, ದಾ ನಾಂಗ್, ಹೊಯ್ ಆನ್‌ಗಳನ್ನು ನೆನೆಸುತ್ತವೆ. ನಮ್ಮಲ್ಲಿ ಮಳೆ ನಿಂತ ಮೇಲೆ ಚೆನ್ನೈಗೆ ಮಳೆಗಾಲ ಶುರುವಾಗುತ್ತದಲ್ಲ, ಹಾಗೆಯೇ.

ಊರಿಗೆ ಬಂದು ಅಂಗಡಿಗೆ ಹೋದೆ. ರದ್ದಾದ ಚಾಮ್ ದ್ವೀಪದ ದೋಣಿ, ದೀಪದ ದೋಣಿ, ಇವುಗಳ ಹಣವನ್ನಾದರೂ ಕೊಡಿ ಎಂದೆ. "ಬಳಸದ ಸೇವೆಗೆ ರೀಫಂಡ್ ಇಲ್ಲ" ಎಂಬ ಸಾಲಿಗೆ ಬೆರಳಿಟ್ಟು ತೋರಿಸಿದರು. ಮುಂದಿನ ಪ್ರವಾಸಕ್ಕೆ ತಲೆಗೆ 1,500 ರೂಪಾಯಿ ಬಿಡುತ್ತಾರಂತೆ. ಅಲ್ಲೇ ಕುಳಿತಿದ್ದ ಅವರ ಸಹಾಯಕ ಹುಡುಗ ಬಾಯಿತಪ್ಪಿ, "ಹೋದ ವರ್ಷದ ಪಾರ್ಟಿಗೂ ಅಲ್ಲಿ ಮಳೆ ಸಿಕ್ಕಿತ್ತು ಸಾರ್" ಎಂದುಬಿಟ್ಟ. ಅಂದರೆ ಗೊತ್ತಿತ್ತು. ಗೊತ್ತಿದ್ದೇ ಕಳುಹಿಸಿದ್ದರು.

ಹೋಗುವವರು ದೇಶದ ಸೀಸನ್ ಕೇಳಬೇಡಿ, ಪ್ಯಾಕೇಜಿನಲ್ಲಿರುವ ಒಂದೊಂದು ಊರಿನ ಹೆಸರು ಹಿಡಿದು ಆ ತಿಂಗಳ ಮಳೆ ಎಷ್ಟು ಎಂದು ನೋಡಿ. ದಸರಾ ರಜೆಯೇ ಗತಿ ಎಂದಾದರೆ ಹನೋಯ್ ಮತ್ತು ಉತ್ತರಕ್ಕಷ್ಟೇ ಹೋಗಿ, ಮಧ್ಯಭಾಗವನ್ನು ಕಡ್ಡಾಯವಾಗಿ ತೆಗೆಸಿ. ಹೋ ಚಿ ಮಿನ್ ನಗರದ ಕಡೆಗೆ ಡಿಸೆಂಬರ್‌ನಿಂದ ಏಪ್ರಿಲ್ ಒಣ ಕಾಲ. ಮೂರೂ ಭಾಗ ಒಟ್ಟಿಗೆ ನೋಡಬೇಕೆಂದರೆ ಮಾರ್ಚ್ ಆಸುಪಾಸು ಹೊರಡಿ, ತೋಟದ ಕೆಲಸವನ್ನು ಯಾರಿಗಾದರೂ ವಹಿಸಿಯಾದರೂ ಸರಿ. ಮಳೆಯಿಂದ ರದ್ದಾದದ್ದಕ್ಕೆ ಹಣ ವಾಪಸ್ ಎಂದು ಕಾಗದದಲ್ಲಿ ಬರೆಸಿಕೊಳ್ಳದೆ ಮುಂಗಡ ಕೊಡಬೇಡಿ. ನಾನು ರಸೀದಿಗಳನ್ನೂ ಆ ವಾಟ್ಸಾಪ್ ಉತ್ತರಗಳನ್ನೂ ಜೋಡಿಸಿಟ್ಟುಕೊಂಡು ಜಿಲ್ಲಾ ಗ್ರಾಹಕರ ಆಯೋಗಕ್ಕೆ ದೂರು ಬರೆಯುತ್ತಿದ್ದೇನೆ.

ನಿನ್ನೆ ಆ ಅಂಗಡಿಯ ಮುಂದೆ ಹಾದು ಬಂದೆ. ಈ ಸಲದ ದಸರಾ ಪ್ಯಾಕೇಜಿನ ಬ್ಯಾನರ್ ಕಟ್ಟಿದ್ದಾರೆ. ಅದೇ ಸೇತುವೆ, ಅದೇ ನೀಲಿ ಆಕಾಶ, ಕೆಳಗೆ ದಪ್ಪ ಅಕ್ಷರದಲ್ಲಿ ಅಕ್ಟೋಬರ್.