ಇಎಂಟಿ ಕೆಲಸಕ್ಕೆ ಸೇರುವ ಮೊದಲು ಸಂಬಳದ ಹಾಳೆ ಕೇಳಿ: ನನಗಾದದ್ದು ನಿಮಗಾಗಬಾರದು

ಮಲೆನಾಡಿನ ಕಡೆ ಇಎಂಟಿ (ಆಂಬುಲೆನ್ಸ್‌ನಲ್ಲಿ ರೋಗಿಗೆ ತುರ್ತು ಚಿಕಿತ್ಸೆ ಕೊಡುವ ತಂತ್ರಜ್ಞರ) ಕೋರ್ಸ್ ಮುಗಿಸಿ ಕೆಲಸ ಹುಡುಕುತ್ತಿರುವವರು ದಯವಿಟ್ಟು ಪೂರ್ತಿ ಓದಿ. ನಾನು ಹೇಳುತ್ತಿರುವುದು ಸರ್ಕಾರದ 108 ಆಂಬುಲೆನ್ಸ್ ಸೇವೆಯ ವಿಷಯ ಅಲ್ಲ. ಖಾಸಗಿ ಆಸ್ಪತ್ರೆಗಳಿಗೆ ಗಾಡಿ, ಜನ ಎರಡನ್ನೂ ಒದಗಿಸುವ ಶಿವಮೊಗ್ಗದ ಒಂದು ಕಾಂಟ್ರಾಕ್ಟ್ ಏಜೆನ್ಸಿಯದು.

ಇಂಟರ್ವ್ಯೂನಲ್ಲಿ "ತಿಂಗಳಿಗೆ 18 ಸಾವಿರ, ಪಿಎಫ್, ಇಎಸ್‌ಐ ಎಲ್ಲಾ ಇದೆ" ಅಂದರು (ಪಿಎಫ್ ಅಂದರೆ ಭವಿಷ್ಯನಿಧಿ, ಇಎಸ್‌ಐ ಅಂದರೆ ನೌಕರರ ಆರೋಗ್ಯ ವಿಮೆ). ಮೊದಲ ಸಂಬಳ ಅಂತ ಖಾತೆಗೆ ಬಿದ್ದದ್ದು 13,087 ರೂಪಾಯಿ. ಹೋಗಿ ಕೇಳಿದರೆ ಮ್ಯಾನೇಜರ್ ಒಂದು ಹಾಳೆ ಮುಂದಿಟ್ಟರು. ಅದರಲ್ಲಿ ನನ್ನ ನಿಜವಾದ ಸಂಬಳ 15,000. ಕಂಪನಿ ತನ್ನ ಕೈಯಿಂದ ಕಟ್ಟಬೇಕಾದ ಪಿಎಫ್ 1,950, ಇಎಸ್‌ಐ 488, ಜೊತೆಗೆ "ತರಬೇತಿ ಮತ್ತು ಯೂನಿಫಾರ್ಮ್" ಅಂತ 562, ಇಷ್ಟನ್ನೂ ಕೂಡಿಸಿ 18 ಸಾವಿರ ಮಾಡಿದ್ದಾರೆ. ಉಳಿದ 15,000ದಲ್ಲಿ ನನ್ನ ಪಾಲಿನ ಪಿಎಫ್ 1,800, ಇಎಸ್‌ಐ 113 ಮುರಿದುಕೊಂಡಿದ್ದಾರೆ. 26 ದಿನ, ದಿನಕ್ಕೆ 12 ಗಂಟೆ ಡ್ಯೂಟಿ ಹಾಕಿ ನೋಡಿ, ಗಂಟೆಗೆ 42 ರೂಪಾಯಿಯೂ ಬೀಳುವುದಿಲ್ಲ. ನನ್ನ ಜಾಗಕ್ಕೆ ಬರಬೇಕಾದ ರಿಲೀವರ್ ಬಾರದೆ ಎರಡು ಶಿಫ್ಟ್ ಎಳೆದ ದಿನಗಳಿಗೆ ಓಟಿ (ಓವರ್‌ಟೈಮ್ ದುಡ್ಡು) ಅನ್ನುವ ಕಾಲಂ ಕೂಡ ಆ ಹಾಳೆಯಲ್ಲಿ ಇರಲಿಲ್ಲ.

ಆ ದುಡ್ಡಿಗೆ ಮಾಡುವ ಕೆಲಸ ಎಂಥದ್ದು ಅಂತ ಒಂದು ಸಲದ್ದು ಹೇಳುತ್ತೇನೆ. ತೀರ್ಥಹಳ್ಳಿಯಿಂದ ಮಣಿಪಾಲಕ್ಕೆ ರೆಫರ್ ಆದ ರೋಗಿ, ಪ್ರಜ್ಞೆ ಇಲ್ಲ, ಉಸಿರಾಟಕ್ಕೆ ಟ್ಯೂಬ್ ಹಾಕಿದೆ. ಗಾಡಿಯ ವೆಂಟಿಲೇಟರ್ ಕೆಟ್ಟಿತ್ತು. ಆಗುಂಬೆ ಘಾಟಿಯ 14 ತಿರುವುಗಳನ್ನೂ ಮಂಡಿಯನ್ನು ಸ್ಟ್ರೆಚರ್‌ಗೆ ಒತ್ತಿಕೊಂಡು ನಿಂತು, ಆರು ಸೆಕೆಂಡಿಗೊಮ್ಮೆ ಆಂಬು ಬ್ಯಾಗ್ (ಕೈಯಿಂದ ಒತ್ತಿ ಉಸಿರು ಕೊಡುವ ಚೀಲ) ಒತ್ತುತ್ತಾ ಇಳಿದೆ. ಗಾಡಿ ವಾಲಿದಾಗ ಟ್ಯೂಬ್ ಕದಲದಂತೆ ಇನ್ನೊಂದು ಕೈ ಅಲ್ಲೇ ಇರಬೇಕು. ಹೊರಗೆ ಎದುರಿನ ಗಾಡಿಯೂ ಕಾಣದಂಥ ಮಳೆ. ರೋಗಿಯ ತಮ್ಮ "ಮೇಡಂ, ಅಣ್ಣಂಗೆ ಏನೂ ಆಗಲ್ಲ ಅಲ್ವಾ?" ಅಂತ ಕೇಳುತ್ತಲೇ ಇದ್ದರು. ರೋಗಿಯನ್ನು ಐಸಿಯುಗೆ ಒಪ್ಪಿಸಿ ಬಂದೆವು. ಈ ಕೆಲಸದ ಮೇಲೆ ನನಗೆ ಇವತ್ತಿಗೂ ಪ್ರೀತಿ ಇದೆ. ಅದಕ್ಕೇ ಹೊಟ್ಟೆ ಉರಿಯುವುದು. 2008ರ ನವೆಂಬರ್ 1ರಂದು ರಾಜ್ಯದಲ್ಲಿ 108 ಶುರುವಾದ ಮೇಲೆ ನಮ್ಮ ಹಳ್ಳಿಗಳಲ್ಲೂ ಜನ ಇಎಂಟಿ ಬರುತ್ತಾರೆ ಅಂತ ನಂಬಿ ಕಾಯುತ್ತಾರೆ. ಆ ನಂಬಿಕೆ ಉಳಿಸುವವರನ್ನು ಹೀಗೆ ನಡೆಸಿಕೊಂಡರೆ ಕಲಿತವರು ಎಷ್ಟು ದಿನ ಇದ್ದಾರು?

ಇದಕ್ಕಿಂತ ದೊಡ್ಡ ಮೋಸ ಆಮೇಲೆ ತಿಳಿಯಿತು. ಯುಎಎನ್ (ಪಿಎಫ್ ಖಾತೆಯ) ನಂಬರ್ ಕೇಳಿದಾಗಲೆಲ್ಲ "ಪ್ರೊಸೆಸ್‌ನಲ್ಲಿದೆ" ಅನ್ನುತ್ತಿದ್ದರು. ಕೊನೆಗೆ ನಂಬರ್ ಸಿಕ್ಕ ಮೇಲೆ ಸರ್ಕಾರದ ಉಮಂಗ್ ಆ್ಯಪ್‌ನಲ್ಲಿ ಪಾಸ್‌ಬುಕ್ ತೆಗೆದರೆ ಒಂದು ರೂಪಾಯಿಯೂ ಜಮಾ ಆಗಿಲ್ಲ. ಸಂಬಳದಲ್ಲಿ ಮುರಿದ ಪಿಎಫ್ ಕಟ್ಟದೆ ಇಟ್ಟುಕೊಳ್ಳುವುದು ನಂಬಿಕೆದ್ರೋಹದ ಅಪರಾಧ. ಕಂಪನಿಯ ಪಾಲನ್ನು ನೌಕರರ ಸಂಬಳದಿಂದ ಮುರಿಯುವುದಕ್ಕೂ ಕಾನೂನಿನಲ್ಲಿ ಅವಕಾಶ ಇಲ್ಲ. ಕೆಲಸ ಬಿಡುತ್ತೇನೆ ಅಂದಾಗ, ಸೇರುವಾಗ "ವೆರಿಫಿಕೇಶನ್‌ಗೆ" ಅಂತ ಇಸಿದುಕೊಂಡಿದ್ದ ಒರಿಜಿನಲ್ ಮಾರ್ಕ್ಸ್ ಕಾರ್ಡ್ ಕೊಡಲಿಲ್ಲ. ಕಾರ್ಮಿಕ ಇಲಾಖೆಗೆ ಲಿಖಿತ ದೂರು ಕೊಟ್ಟು, ಸ್ವೀಕೃತಿಯ ನಕಲನ್ನು ಏಜೆನ್ಸಿಗೆ ಕಳಿಸಿದ ಮೇಲೆ ಕೈಗೆ ಬಂತು.

ಹಾಗಾಗಿ ಒರಿಜಿನಲ್ ಯಾರಿಗೂ ಕೊಡಬೇಡಿ. ತೋರಿಸಿ, ಜೆರಾಕ್ಸ್ ಕೊಡಿ, ಸಾಕು. "ಸಂಬಳ ಎಷ್ಟು" ಅನ್ನಬೇಡಿ, "ಎಲ್ಲಾ ಮುರಿದು ಕೈಗೆ ಎಷ್ಟು" ಅಂತ ಕೇಳಿ, ಅದನ್ನೇ ನೇಮಕಾತಿ ಪತ್ರದಲ್ಲಿ ಬರೆಸಿ. ತಿಂಗಳ ಸಂಬಳ 21,000 ದಾಟದಿದ್ದರೆ ಇಎಸ್‌ಐ ನಿಮ್ಮ ಹಕ್ಕು. ರಕ್ತ, ಸೂಜಿ ಮುಟ್ಟುವ ಕೆಲಸದಲ್ಲಿ ಆ ಕಾರ್ಡ್ ಇಲ್ಲದೆ ಗಾಡಿ ಹತ್ತಬೇಡಿ. ಪಿಎಫ್ ಪಾಸ್‌ಬುಕ್ ತಿಂಗಳು ತಿಂಗಳು ನೋಡಿ. ಡ್ಯೂಟಿ ರಿಜಿಸ್ಟರ್‌ನ ಫೋಟೋ ತೆಗೆದಿಡಿ, ನನ್ನ ಓಟಿಗೆ ಈಗ ಇರುವ ಸಾಕ್ಷಿ ಅದೊಂದೇ.

ಪಿಎಫ್ ದೂರು ಇನ್ನೂ ವಿಚಾರಣೆಯಲ್ಲಿದೆ. ಆ ಏಜೆನ್ಸಿ ಈಗ ಮತ್ತೆ ಹೊಸಬರನ್ನು ಕರೆಯುತ್ತಿದೆ ಅಂತ ಕೇಳಿದೆ. ನಿಮ್ಮ ಪರಿಚಯದವರು ಯಾರಾದರೂ ಇಂಥ ಕಡೆ ಇಂಟರ್ವ್ಯೂಗೆ ಹೊರಟಿದ್ದರೆ ಹೋಗುವ ಮುಂಚೆ ಇದನ್ನು ಅವರಿಗೆ ತೋರಿಸಿ.